ಬಯಲಿಗೆ ಬಂದ ಗರಡಿ, ಕೆಂಪಣ್ಣನ ಮಂಡಿ

ಡ್ರಿಲ್ ಮೇಷ್ಟರ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬಂದಾಗ ಸೀಟಿಯ ಬಗ್ಗೆ ಕೇಳುತ್ತಾರೆ, ಸಮವಸ್ತ್ರದ ಬಗ್ಗೆ ಕೇಳುತ್ತಾರೆ, ಇನ್ಸ್‌ಪೆಕ್ಟರು ಬಂದಾಗ ಯಾವ ಕವಾಯತು ಮಾಡಿಸಿದರೆ ಮೆಚ್ಚುತ್ತಾರೆ ಎಂದು ಕೇಳುತ್ತಾರೆ. ಮಂಡಿಯ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳಬೇಕಾದದ್ದು ಅದೊಂದೇ ಎಂದು ನನಗೆ ಅನ್ನಿಸುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ದೊಡ್ಡಬಳ್ಳಾಪುರದ ಒಂದು ಮಿಡ್ಲ್ ಸ್ಕೂಲಿಗೆ ಸೇರಿದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಬಿಡುವಿನಲ್ಲಿ ಬೆಂಗಳೂರಿನ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಬರೆದು ಕಳಿಸುತ್ತಿದ್ದೆ. ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆ ಬರೆಯಬೇಕು ಎಂಬುದು ಅಲ್ಲಿ ಕಲಿತ ಪಾಠ. ಅದು ಪತ್ರಿಕೆಗಿಂತ ಮೈದಾನದಲ್ಲಿ ಹೆಚ್ಚು ಉಪಯೋಗಕ್ಕೆ ಬಂತು.

ನಮ್ಮ ಕಡೆಯ ಮಾಗಿ ಚಳಿ ಗೊತ್ತಿಲ್ಲದವರಿಗೆ ಒಂದು ಮಾತು. ಧನುರ್ಮಾಸ ಹಿಡಿದರೆ ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿ ಕೆರೆಯ ನೀರಿನ ಮೇಲೆ ಹಾದು ಊರಿಗೆ ನುಗ್ಗುತ್ತದೆ. ಅವರೆ ಹೊಲಗಳ ಮೇಲೆ ಕಾವಳ ಕವಿದು, ಎದುರಿಗೆ ಬರುವ ಗಾಡಿಯ ಎತ್ತು ಕಾಣುವುದಕ್ಕೆ ಮೊದಲು ಅದರ ಗಂಟೆ ಕೇಳುತ್ತದೆ. ಅಂಥ ಹೊತ್ತಿನಲ್ಲಿ ಮನುಷ್ಯ ತಲೆಗೆ ಟವಲು ಸುತ್ತುತ್ತಾನೆ, ಕಿವಿ ಮುಚ್ಚುತ್ತಾನೆ, ಎದೆಯ ಮೇಲೆ ಕೈ ಕಟ್ಟುತ್ತಾನೆ. ಮಂಡಿಯನ್ನು ಮಾತ್ರ ಬಿಟ್ಟಿರುತ್ತಾನೆ. ಪಂಚೆ ಎತ್ತಿ ಕಟ್ಟಿದವನದೂ ಅದೇ, ನಿಕ್ಕರು ಹಾಕಿದವನದೂ ಅದೇ.

ನಾನು ಸೇರಿದ ಮೊದಲ ಚಳಿಗಾಲದಲ್ಲೇ ಇನ್ಸ್‌ಪೆಕ್ಟರು ತನಿಖೆಗೆ ಬಂದರು. ಬೆಳಗಿನ ಕವಾಯತು. ಒಂದು ಮಂಡಿ ಊರಿ ಕೂರುವ ವರಸೆ ಮಾಡಿಸಿ ಎಂದರು. ಮೈದಾನದ ತುಂಬ ಇಬ್ಬನಿ ಕುಡಿದ ಜಲ್ಲಿಕಲ್ಲು. ಹುಡುಗರು ಕೂತರು.

“ಆ ಸಾಲಿನಲ್ಲಿ ಮಂಡಿ ಯಾಕ್ರೀ ನಡುಗ್ತಾ ಇದೆ? ಶಿಸ್ತು ಸಾಲದು” ಎಂದರು.

“ಚಳಿ ಸಾರ್” ಎಂದೆ.

“ಚಳಿ ನನಗೂ ಇದೆ.”

ಅವರ ಮೈಮೇಲೆ ಉಣ್ಣೆಯ ಕೋಟು, ಕೊರಳಲ್ಲಿ ಮಫ್ಲರು, ಕಾಲಿಗೆ ಉದ್ದನೆಯ ಪ್ಯಾಂಟು ಇದ್ದವು. ಇದನ್ನು ದೂರೆಂದು ಬರೆಯುತ್ತಿಲ್ಲ. ಅವರು ಒಳ್ಳೆಯವರು, ಓದಿದವರು. ಆದರೆ ಅವರ ಕೈಯಲ್ಲಿದ್ದ ಕವಾಯತಿನ ಪುಸ್ತಕದಲ್ಲಿ ಋತುಮಾನದ ಪ್ರಸ್ತಾಪ ಇರಲಿಲ್ಲ. ಏಪ್ರಿಲ್ಲಿಗೂ ಡಿಸೆಂಬರಿಗೂ ಒಂದೇ ವರಸೆ. ಅವರು ಹೋದ ಮಾರನೆಯ ದಿನದಿಂದ ಚಳಿಗಾಲ ಮುಗಿಯುವವರೆಗೆ ಮಂಡಿ ಊರುವ ವರಸೆಯನ್ನು ನಾನು ಬಿಟ್ಟುಬಿಟ್ಟೆ. ಹುಡುಗರನ್ನು ಮೊದಲು ಮೈದಾನದ ಸುತ್ತ ಸುಮ್ಮನೆ ನಡೆಸುತ್ತಿದ್ದೆ. ಅವರ ಮೂಗಿನ ತುದಿ ಕೆಂಪು ಬಿಟ್ಟು ಮಾಮೂಲಿಗೆ ಬಂದ ಮೇಲೆ ಓಟ. ಅಳತೆ ಅಷ್ಟೇ.

ಹೆಡ್ಮೇಷ್ಟರು ಇದನ್ನು ಒಪ್ಪಲಿಲ್ಲ. “ದನ ಮೇಯ್ಸೋಕೆ ಹೊರಟಂಗೆ ನಡೆಸ್ತೀರಲ್ರೀ” ಎನ್ನುತ್ತಿದ್ದರು. ಅವರು ದೃಢಕಾಯರು, ಹಾಗೆಂದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಸಂಕ್ರಾಂತಿ ಹತ್ತಿರ ಬಂದಾಗ ಮೇಷ್ಟರುಗಳೆಲ್ಲ ಸೇರಿ ಶಿವಗಂಗೆಗೆ ಹೋದೆವು. ಹತ್ತುವಾಗ ಹೆಡ್ಮೇಷ್ಟರು ನಮಗೆಲ್ಲ ಮುಂದು. ಮೇಲೆ ಗಾಳಿಯಲ್ಲಿ ಬೆವರು ಆರುವವರೆಗೆ ಕೂತು ಚಿತ್ರಾನ್ನ ತಿಂದು, ಎದ್ದವರೇ ಇಳಿಜಾರಿನಲ್ಲಿ ಕುಪ್ಪಳಿಸಿಕೊಂಡು ಓಡಿದರು. ಕೆಳಗಿನ ಮಂಟಪದ ಹತ್ತಿರ ನಾವು ತಲುಪಿದಾಗ ಕಂಬ ತಬ್ಬಿ ನಿಂತಿದ್ದರು. ಮುಂದಿನ ವಾರವೆಲ್ಲ ಕೂತೇ ಪಾಠ ಮಾಡಿದರು. ಹತ್ತುವಾಗ ಏದುಸಿರು ಬರುವುದರಿಂದ ಎಲ್ಲರೂ ಎಚ್ಚರವಾಗಿರುತ್ತಾರೆ. ಇಳಿಯುವುದು ಸಲೀಸು ಎನ್ನಿಸುತ್ತದೆ, ಅಲ್ಲೇ ಮಂಡಿಯ ಮೇಲೆ ಮೈಯ ಭಾರವೆಲ್ಲ ಬೀಳುತ್ತದೆ. ಅದರಲ್ಲೂ ಬೆವರಿ, ಕೂತು, ತಣ್ಣಗಾದ ಮಂಡಿ. ಆಮೇಲೆ ಹೆಡ್ಮೇಷ್ಟರು ನನ್ನ ನಡಿಗೆಯ ವಿಷಯ ಎತ್ತಲಿಲ್ಲ.

ಇವೆಲ್ಲ ಸಣ್ಣವು. ನಿಜವಾದ ಪರೀಕ್ಷೆ ಬಂದದ್ದು ಗರಡಿಯಿಂದ.

ಊರಿನಲ್ಲಿ ಉಸ್ತಾದ್ ಚನ್ನಪ್ಪನವರ ಗರಡಿ ಇತ್ತು. ಅವರ ತಂದೆಯ ಕಾಲದ್ದು. ದಪ್ಪ ಮಣ್ಣಿನ ಗೋಡೆ, ತಲೆ ಬಗ್ಗಿಸಿ ನುಗ್ಗಬೇಕಾದ ಗಿಡ್ಡ ಬಾಗಿಲು, ಕಿಟಕಿ ಇಲ್ಲ. ಒಳಗೆ ಕೆಮ್ಮಣ್ಣಿನ ಅಖಾಡ. ಯುದ್ಧದ ನಡುವೆ ಸರ್ಕಾರ ರೈತರಿಂದ ರಾಗಿ ವಸೂಲು ಮಾಡತೊಡಗಿದಾಗ ಅದನ್ನಿಡಲು ಜಾಗ ಬೇಕಾಯಿತು. ಇಲಿ ನುಗ್ಗದ, ತೇವ ಹಿಡಿಯದ ಕಟ್ಟಡ ಎಂದು ಗರಡಿಯನ್ನೇ ತೆಗೆದುಕೊಂಡರು. ಚನ್ನಪ್ಪನವರು ಆಂಜನೇಯನ ಪಟ, ಗದೆ, ಒಂದು ಗಾಡಿ ಕೆಮ್ಮಣ್ಣು ತೆಗೆದುಕೊಂಡು ಕೆರೆ ಏರಿಯ ಕೆಳಗಿನ ಬಯಲಿಗೆ ಬಂದರು. ಮಣ್ಣು ಹರಡಿ, ಪಟವನ್ನು ಹುಣಸೆಮರಕ್ಕೆ ಒರಗಿಸಿ, ಸಾಮು ಮುಂದುವರಿಸಿದರು. ಮಳೆಗಾಲ ಕಳೆಯುವವರೆಗೆ ಏನೂ ಆಗಲಿಲ್ಲ.

ಚಳಿ ಹಿಡಿದ ಮೇಲೆ ಪೈಲ್ವಾನರು ಕುಂಟತೊಡಗಿದರು. ಮೊದಲು ಒಬ್ಬ, ಆಮೇಲೆ ಇನ್ನೊಬ್ಬ. ಗರಡಿಗೆ ದೃಷ್ಟಿಯಾಗಿದೆ ಎಂದು ಬೂದುಗುಂಬಳ ಕಟ್ಟಿದರು. ಇದು ಕೇಳಿದ್ದಲ್ಲ, ನಾನೇ ಕಂಡದ್ದು.

ಅಲ್ಲಿಗೆ ಬರುತ್ತಿದ್ದವರಲ್ಲಿ ತೂಬಗೆರೆಯ ಕೆಂಪಣ್ಣ ಒಬ್ಬ. ಗೌಡರ ಮನೆಯ ಎರಡನೆಯ ಮಗ, ಮೀಸೆ ಗಟ್ಟಿಯಾದ ವಯಸ್ಸು. ಜಮೀನು ಅಣ್ಣನ ಕೈಯಲ್ಲಿತ್ತು. ಕೆಂಪಣ್ಣನಿಗೆ ಮದುವೆಯಾಗಿತ್ತು, ಹೆಂಡತಿ ಲಕ್ಕಮ್ಮ ಹೊಸಕೋಟೆ ಕಡೆಯವಳು. ದೀಪಾವಳಿಗೆ ತವರಿಗೆ ಹೋದವಳನ್ನು ಅವಳ ಅಪ್ಪ ಹಿಂದಕ್ಕೆ ಕಳಿಸಲಿಲ್ಲ. ಅಳಿಯ ಅಣ್ಣನ ಮನೆಯಲ್ಲಿ ಆಳಿನಂತೆ ದುಡಿಯುತ್ತಾನೆ, ಇವನಿಗೇ ಒಂದು ಕೆಲಸವಾದ ದಿನ ಮಗಳನ್ನು ಕಳಿಸುತ್ತೇನೆ ಎಂದು ಹೇಳಿ ಕಳಿಸಿದರು. ಆ ಹೊತ್ತಿಗೆ ಸರಿಯಾಗಿ ಪೊಲೀಸ್ ಪೇದೆಗಳ ಭರ್ತಿಯ ಸುದ್ದಿ ಬಂತು. ಸಂಕ್ರಾಂತಿ ಕಳೆದ ಮೇಲೆ ದೇವನಹಳ್ಳಿ ಕೋಟೆಯ ಪಕ್ಕದ ಬಯಲಿನಲ್ಲಿ ಓಟದ ಪರೀಕ್ಷೆ. ಮುಂದಿನ ಭರ್ತಿಯ ಹೊತ್ತಿಗೆ ಕೆಂಪಣ್ಣನ ವಯಸ್ಸು ಮೀರುತ್ತಿತ್ತು.

ಅವನು ನನ್ನ ಹತ್ತಿರ ಬಂದದ್ದು ಬಲಮಂಡಿ ಹಲಸಿನ ಕಾಯಿಯಂತೆ ಊದಿಸಿಕೊಂಡು.

“ಉಸ್ತಾದ್ರು ಹರಳೆಣ್ಣೆ ಹಾಕಿ ತಿಕ್ಕುದ್ರು ಮೇಷ್ಟ್ರೇ. ಜಾಸ್ತಿ ಆಯ್ತು. ನೀವೇನಾರ ಮಾಡಿ.”

“ಊದಿದ ಮಂಡೀನ ತಿಕ್ಕಬಾರದು. ಆಸ್ಪತ್ರೆಗೆ ಹೋಗಿದ್ದೆಯಾ?”

“ಹೋಗಿದ್ದೆ. ಡಾಕ್ಟ್ರು ಊತ ಇಳಿಯೋಗಂಟ ಓಡ್ಬೇಡ ಅಂದ್ರು. ಓಡ್ದೆ ಇದ್ರೆ ನಮ್ಮಾವ ಮಗಳನ್ನ ಕಳಿಸ್ತಾನಾ?”

“ಈಗ ಓಡಿದರೆ ಆಗಲೂ ಕಳಿಸಲ್ಲ. ಕಾಲು ಚಾಚಿ ಕೂತ್ಕೊ.”

ಅವನನ್ನು ಮನೆಗೆ ಕಳಿಸಿ ನಾನು ಬಯಲಿಗೆ ಹೋದೆ. ಚನ್ನಪ್ಪನವರು ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಶಾಲೆಯ ಕವಾಯತನ್ನು ಅವರು ಬೊಂಬೆ ಕುಣಿತ ಎನ್ನುತ್ತಿದ್ದರು. ಆದರೂ ನನಗೆ ಕಾಫಿ ತರಿಸಿದರು.

“ಏನ್ ಮೇಷ್ಟ್ರೇ, ನಮ್ ಹುಡುಗ್ರನ್ನ ನಡೆಯೋದು ಕಲ್ಸಕ್ಕೆ ಬಂದ್ರಾ?”

“ಕೆಂಪಣ್ಣನ ಮಂಡಿ ನೋಡಿದೆ ಉಸ್ತಾದ್.”

“ಅವನ ಮನಸ್ಸು ಹೊಸಕೋಟೇಲಿ ಐತೆ, ಮೈ ಇಲ್ಲೈತೆ. ಮಂಡಿ ಊದ್ದೆ ಇನ್ನೇನಾಯ್ತದೆ? ನಮ್ಮಪ್ಪನ ಕಾಲದಿಂದ ಧನುರ್ಮಾಸದಾಗೆ ತಣ್ಣೀರು ಸುರ್ಕೊಂಡು ಬಸ್ಕಿ ಹೊಡ್ದವ್ರೆ. ಯಾರ್ ಮಂಡೀನೂ ಹೋಗಿಲ್ಲ.”

“ಎಲ್ಲಿ ಹೊಡೆದರು?”

“ಗರಡೀಲಿ.”

“ಇದು ಗರಡೀನಾ?”

“ಆಂಜನೇಯಸ್ವಾಮಿ ಅವ್ನೆ, ಕೆಮ್ಮಣ್ಣೈತೆ, ನಾನಿವ್ನಿ. ಗರಡಿ ಅಲ್ದೆ ಇನ್ನೇನು ಛತ್ರಾನಾ?”

ಸುತ್ತ ನಿಂತಿದ್ದವರು ನಕ್ಕರು. ಇಂಥ ಜಾಗದಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಸುದ್ದಿ ಬರೆಯುವಾಗ ಮಾಡುವುದನ್ನೇ ಮಾಡಿದೆ. ಹಳೆಯ ಗರಡಿಯಲ್ಲಿ ಒಂದು ಬೆಳಗ್ಗೆ ಹೇಗೆ ನಡೆಯುತ್ತಿತ್ತು, ಮೊದಲಿಂದ ಒಂದೊಂದಾಗಿ ಹೇಳಿ ಎಂದು ಕೇಳಿದೆ. ಅವರು ಖುಷಿಯಿಂದ ಹೇಳಿದರು. ಬಾವಿಕಟ್ಟೆಯಲ್ಲಿ ತಣ್ಣೀರು. ಲಂಗೋಟಿ. ಬಾಗಿಲಿಗೆ ನಮಸ್ಕಾರ. ಒಳಗೆ ಬಂದು ಬಾಗಿಲು ಹಾಕುವುದು. ಊದುಬತ್ತಿ. ಆಮೇಲೆ ಬಸ್ಕಿ.

“ಬಂದ ಕೂಡಲೇ ಬಸ್ಕೀನಾ?”

“ಮಣ್ಣು ಅಗೀಬೇಕಲ್ಲ. ಹಿಂದಿನ ದಿನ ತುಳ್ದು ಗಟ್ಟಿಯಾಗಿರ್ತದೆ. ಗುದ್ದಲಿ ತಗೊಂಡು ಅಖಾಡ ಪೂರ್ತಿ ಅಗ್ದು, ಹೆಂಟೆ ಒಡ್ದು, ಮಟ್ಟ ಮಾಡಿ, ಆಮೇಲೆ ಬಸ್ಕಿ.”

“ಇಲ್ಲಿ ಅಗೆಯುತ್ತೀರಾ?”

“ಇಲ್ಲೇನ್ ಅಗ್ಯೋದು? ಒಂದು ಗಾಡಿ ಮಣ್ಣು. ಗುದ್ದಲಿ ಹಾಕುದ್ರೆ ಜಲ್ಲಿ ಸಿಕ್ತದೆ.”

“ಅಗೆಯುವುದನ್ನ ನೀವು ಸಾಮು ಅಂತ ಹೇಳಲಿಲ್ಲ.”

“ಅದು ಕೆಲ್ಸ ಮೇಷ್ಟ್ರೇ. ಸಾಮಲ್ಲ.”

ಅಲ್ಲಿಗೆ ನನಗೆ ವಿಷಯ ಸ್ಪಷ್ಟವಾಯಿತು. ಪಟ ಬಂದಿತ್ತು, ಗದೆ ಬಂದಿತ್ತು, ತಣ್ಣೀರು ಬಂದಿತ್ತು. ಗೋಡೆ ಬಂದಿರಲಿಲ್ಲ, ಗುದ್ದಲಿ ಬಂದಿರಲಿಲ್ಲ. ತಣ್ಣೀರು ಸುರಿದುಕೊಂಡ ಮೈ ಮೊದಲು ಮುಚ್ಚಿದ ಕೋಣೆಯಲ್ಲಿ ಗುದ್ದಲಿ ಎತ್ತಿ ಹಾಕಿ ಕಾವೇರುತ್ತಿತ್ತು, ಆಮೇಲಷ್ಟೇ ಮಂಡಿ ಬಗ್ಗುತ್ತಿತ್ತು. ಈಗ ಒದ್ದೆ ಮೈಯಲ್ಲಿ ಕೆರೆ ಗಾಳಿಗೆ ನಿಂತು ಮೊದಲ ಉಸಿರಿಗೇ ಬಸ್ಕಿ. ಬಸ್ಕಿಯ ತಪ್ಪೂ ಅಲ್ಲ, ತಣ್ಣೀರಿನ ತಪ್ಪೂ ಅಲ್ಲ, ಲಕ್ಕಮ್ಮನ ತಪ್ಪಂತೂ ಅಲ್ಲ.

ಇದನ್ನು ಹೇಳಿದರೆ ಚನ್ನಪ್ಪನವರು ನಂಬಲಿಲ್ಲ. ರಾಗಿ ದಾಸ್ತಾನು ನೋಡಿಕೊಳ್ಳುತ್ತಿದ್ದ ಗುಮಾಸ್ತರು ನನಗೆ ಪರಿಚಯ. ಮರುದಿನ ಬೆಳಗ್ಗೆ ಬೀಗ ತೆಗೆಸಿ ಉಸ್ತಾದರನ್ನು ಒಳಗೆ ಕರೆದುಕೊಂಡು ಹೋದೆ. ಗೋಡೆಯುದ್ದಕ್ಕೂ ಮೂಟೆಗಳು. ಅವರು ಅಖಾಡ ಇದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರು. ಹೊದ್ದಿದ್ದ ಶಾಲು ತಾವಾಗಿಯೇ ತೆಗೆದು ಹೆಗಲಿಗೆ ಹಾಕಿಕೊಂಡರು.

“ಬೆಚ್ಚಗಿದೆ ಅಲ್ಲವಾ?” ಎಂದೆ.

“ರಾಗಿ ಮೂಟೆ ಐತಲ್ಲ, ಅದ್ಕೆ” ಎಂದು ಹೊರಗೆ ನಡೆದರು. ಬಾಗಿಲು ದಾಟಿದವರು ಶಾಲನ್ನು ಮತ್ತೆ ಹೊದ್ದುಕೊಂಡರು. ಎರಡು ದಿನ ಬಿಟ್ಟು ಬಯಲಿನ ಕಡೆ ಹೋದಾಗ ಗಾಳಿ ಬರುವ ದಿಕ್ಕಿಗೆ ತೆಂಗಿನ ಗರಿಯ ತಡಿಕೆ ಎದ್ದಿತ್ತು. ದೇವರ ಪಟಕ್ಕೆ ಇಬ್ಬನಿ ಬೀಳುತ್ತದೆ, ಅದಕ್ಕೆ ಕಟ್ಟಿಸಿದೆ ಎಂದರು.

ಕೆಂಪಣ್ಣನ ಊತ ಇಳಿಯಿತು. ಬಯಲಿಗೆ ಹೋಗಬೇಡ, ನಿಮ್ಮ ಕಣದಲ್ಲೇ ಶುರು ಮಾಡು ಎಂದೆ. ಅದು ರಾಗಿ ಒಕ್ಕಣೆಯ ಕಾಲ. ಸಗಣಿ ಸಾರಿಸಿದ ಕಣ ಮಟ್ಟವಾಗಿರುತ್ತದೆ, ಕಲ್ಲು ಇರುವುದಿಲ್ಲ, ಎರಡು ಕಡೆ ಮೆದೆ ಎದ್ದಿರುವುದರಿಂದ ಗಾಳಿ ತಾಗುವುದಿಲ್ಲ. ಬೆಳಗ್ಗೆ ಎದ್ದು ಕಂತೆ ಎತ್ತಿ ಹರಡುವ ಕೆಲಸ ಮೊದಲು, ಆಮೇಲೆ ನಡಿಗೆ, ಆಮೇಲೆ ಸಣ್ಣ ಓಟ. ಮಂಡಿಗೆ ಹಳೆಯ ಕಂಬಳಿಯ ತುಂಡು. ಮೊದಲ ದಿನವೇ ಅವನು ಅದನ್ನು ಮೂಟೆ ಕಟ್ಟುವಂತೆ ಬಿಗಿದು, ಪಾದ ಜೋಮು ಹಿಡಿದು, ಮೆದೆಗೆ ಒರಗಿ ಕೂತುಬಿಟ್ಟಿದ್ದ.

“ಬೆಚ್ಚಗಿರಲಿ ಅಂದೆ, ನೇಣು ಹಾಕು ಅನ್ನಲಿಲ್ಲ. ನಿನ್ನ ಎರಡು ಬೆರಳು ಒಳಗೆ ಹೋಗಬೇಕು.”

“ಸಡ್ಲ ಕಟ್ಟುದ್ರೆ ಜಾರ್ತದೆ ಮೇಷ್ಟ್ರೇ.”

“ಜಾರಿದರೆ ಎಳೆದುಕೊ. ಪೊಲೀಸ್ ಆದ ಮೇಲೆ ಕಾಲಿಗೆ ಸುತ್ತೋ ಪಟ್ಟಿ ಎಳೆದುಕೊಳ್ಳೋದು ಹೇಗೂ ಇದ್ದದ್ದೇ.”

ಅವನ ಅಣ್ಣ ಕಣದ ಅಂಚಿನಲ್ಲಿ ನಿಂತು ನೋಡುತ್ತಿದ್ದವನು, “ಒಕ್ಕೋ ಎತ್ತು ಮೇಟಿ ಸುತ್ತಿದಂಗೆ ಸುತ್ತತಾನೆ. ಇವನಿಗೂ ಒಂದು ಬಾಯ್ಕುಕ್ಕೆ ಹಾಕ್ಲಾ ಸ್ವಾಮಿ?” ಎಂದ. ಕೆಂಪಣ್ಣ ತಲೆ ಎತ್ತಲಿಲ್ಲ, ಸುತ್ತುವುದನ್ನು ಬಿಡಲಿಲ್ಲ. ನನಗೆ ಅವನ ಮೇಲೆ ನಂಬಿಕೆ ಬಂದದ್ದು ಆಗ. ಓಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಕ್ಕರೂ ನಿಧಾನವಾಗಿ ಶುರು ಮಾಡುವವರು ಸಿಗುವುದು ಅಪರೂಪ. ಒಂದು ದಿನ ಮಂಡಿ ಮತ್ತೆ ಚುಚ್ಚಿತು ಎಂದ. ಚುಚ್ಚಿದರೆ ಆ ದಿನ ಅಲ್ಲಿಗೆ ನಿಲ್ಲಿಸಬೇಕು. ಕಾಲು ಸೋತರೆ ಮುಂದುವರಿಸಬಹುದು. ಸೋಲುವುದಕ್ಕೂ ಚುಚ್ಚುವುದಕ್ಕೂ ಇರುವ ವ್ಯತ್ಯಾಸವನ್ನು ಬೇರೆಯವರು ಹೇಳಲಾಗುವುದಿಲ್ಲ, ಅವನೇ ಗಮನಿಸಬೇಕು. ಅವನು ಗಮನಿಸಿದ.

ಪರೀಕ್ಷೆಯ ದಿನ ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ಮೊದಲ ಬಸ್ಸಿನಲ್ಲಿ ನಾನೂ ಹೋದೆ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿರುತ್ತಿದ್ದರು, ಅದರ ಅನಿಲದಿಂದಲೇ ಬಸ್ಸು ಓಡುತ್ತಿತ್ತು. ಬಯಲು ತಲುಪಿದಾಗ ಕಾವಳ ಕೋಟೆಯ ಗೋಡೆಯನ್ನು ಅರ್ಧಕ್ಕೆ ನುಂಗಿತ್ತು. ಸುತ್ತಲಿನ ತಾಲ್ಲೂಕುಗಳ ತರುಣರು ಸೇರಿದ್ದರು. ಅಧಿಕಾರಿಗಳ ಕಾರು ದಾರಿಯಲ್ಲಿ ಕೆಟ್ಟಿದೆ, ಬರುವುದು ತಡ ಎಂದು ತಿಳಿಯಿತು.

ಆ ಕಾಯುವ ಹೊತ್ತಿನಲ್ಲೇ ಅರ್ಧ ಪರೀಕ್ಷೆ ಮುಗಿದುಹೋಯಿತು ಎಂದು ಈಗಲೂ ನನ್ನ ಅಭಿಪ್ರಾಯ. ತರುಣರೆಲ್ಲ, ವಾಪಸು ಹೊರಡಲು ಬಯಲಿನ ಅಂಚಿನಲ್ಲೇ ಕಾದು ನಿಂತಿದ್ದ ಬಸ್ಸಿನ ಹಿಂದಿನ ಒಲೆಗೆ ಮುತ್ತಿಕೊಂಡು ಕೈ ಕಾಯಿಸತೊಡಗಿದರು. ಕೆಂಪಣ್ಣ ಮಂಡಿಗೆ ಕಂಬಳಿ ಸುತ್ತಿಕೊಂಡು, ಪಂಚೆ ಇಳಿಬಿಟ್ಟು, ಬಸ್ಸಿನ ಸುತ್ತ ನಡೆಯುತ್ತಿದ್ದ.

“ಏನ್ಲಾ, ಬಸ್ಸಿಗೆ ಪ್ರದಕ್ಷಿಣೆ ಹಾಕ್ತಿದ್ದೀಯ? ಮಂಗಳಾರತಿ ಯಾವಾಗ?” ಎಂದ ಒಲೆಯ ಹತ್ತಿರದ ಒಬ್ಬ.

“ಬಾಣಂತಿ ಕಣ್ಲಾ ಅವನು. ನೋಡು, ಕಂಬಳಿ ಸುತ್ತವ್ನೆ” ಎಂದ ಇನ್ನೊಬ್ಬ.

“ನಿನ್ ಕೈ ಕಾದಿದ್ರೆ ಕೈಯಲ್ಲೇ ಓಡು ಗುರು” ಎಂದು ಕೆಂಪಣ್ಣ ಮುಂದಿನ ಸುತ್ತಿಗೆ ಹೋದ.

ಕಂಡಕ್ಟರೂ ನಕ್ಕ. ಎಲ್ಲರ ಅಂಗೈ ಬೆಚ್ಚಗಾಗಿತ್ತು, ಮಂಡಿ ಕಲ್ಲಾಗಿತ್ತು.

ಅಧಿಕಾರಿಗಳು ಬಂದವರೇ ತಡವಾದ ಆತುರದಲ್ಲಿ ಸಾಲು ನಿಲ್ಲಿಸಿದರು. ಪಂಚೆ, ಕಂಬಳಿ ಎಲ್ಲ ತೆಗೆಯಿರಿ ಎಂದರು. ಕೆಂಪಣ್ಣ ಕಂಬಳಿಯ ತುಂಡು ಬಿಚ್ಚಿ ನನ್ನ ಕೈಗೆ ಕೊಟ್ಟ. ಅದು ಇನ್ನೂ ಬಿಸಿಯಾಗಿತ್ತು. ಸೀಟಿ ಊದಿದೊಡನೆ ಎಲ್ಲರೂ ಹಾರಿ ಓಡಿದರು, ಇವನು ಹಿಂದೆ ಬಿದ್ದ. ಮೊದಲ ಸುತ್ತು ಮುಗಿಯುವಾಗ ಕಾವಳದಿಂದ ಹೊರಬಂದವರಲ್ಲಿ ಇವನು ಕೊನೆಯವರ ಜೊತೆ ಇದ್ದ. ನಾನು ಆತಂಕಪಡಲಿಲ್ಲ ಎಂದು ಬರೆದರೆ ಅದು ಸುಳ್ಳು ವರದಿಯಾಗುತ್ತದೆ. ಎರಡನೆಯ ಸುತ್ತಿನಲ್ಲಿ ಮುಂದಿದ್ದವರ ಸಾಲು ಮುರಿಯಿತು. ಒಲೆಯ ಹತ್ತಿರ ಮಂಗಳಾರತಿ ಕೇಳಿದವನು ಮಂಡಿ ಹಿಡಿದು ಕೂತ. ಒಬ್ಬ ಮೀನಖಂಡ ಹಿಡಿದು ನೆಲಕ್ಕೆ ಬಿದ್ದ. ಕೆಂಪಣ್ಣ ವೇಗ ಹೆಚ್ಚಿಸಿದ್ದು ನನಗೆ ಕಾಣಲಿಲ್ಲ. ಅವನು ಅದೇ ವೇಗದಲ್ಲಿದ್ದ, ಉಳಿದವರು ಹಿಂದೆ ಸರಿದರು. ಮೊದಲು ಬರಲಿಲ್ಲ. ಭರ್ತಿಗೆ ಬೇಕಾದಷ್ಟು ಜನರ ಒಳಗೆ ಬಂದ.

ಗುರಿ ಮುಟ್ಟಿದವರು ಅಲ್ಲಲ್ಲೇ ಕುಸಿದು ಕೂತರು. ಇವನು ನಿಲ್ಲದೆ ನನ್ನ ಹತ್ತಿರ ಬಂದು, ಕಂಬಳಿ ಕಿತ್ತುಕೊಂಡು ಸುತ್ತಿಕೊಳ್ಳುತ್ತಲೇ ಬಸ್ಸಿನ ಹಿಂದಕ್ಕೆ ನಡೆದ. ಅಷ್ಟರಲ್ಲಿ ಹೆಸರು ಕೂಗತೊಡಗಿದರು.

“ತೂಬಗೆರೆ ಕೆಂಪಣ್ಣ.”

ಇನ್ನೊಮ್ಮೆ ಕೂಗಿದರು. ಅಧಿಕಾರಿಗಳು ಮುಂದಿನ ಹೆಸರಿಗೆ ಹೋಗಲು ಪಟ್ಟಿಯತ್ತ ಕಣ್ಣು ಇಳಿಸಿದರು. ನಾನು ಬಾಯಿ ತೆರೆಯುವುದರೊಳಗೆ ಕಂಡಕ್ಟರು, “ಇಲ್ಲವ್ನೆ ಸ್ವಾಮಿ, ಪ್ರದಕ್ಷಿಣೆ ಹಾಕ್ತಾವ್ನೆ” ಎಂದು ಕೂಗಿದ.

ಕೆಂಪಣ್ಣ ಓಡಿಬಂದು ನಿಂತ.

“ಓಟ ಮುಗೀತಲ್ಲಯ್ಯ, ಇನ್ನೂ ಯಾಕೆ ನಡೀತಿದೀಯ?”

“ಬೆವರು ಆರೋಗಂಟ ನಿಲ್ಬೇಡ ಅಂದವ್ರೆ ಸ್ವಾಮಿ.”

“ಯಾರು ಅಂದೋರು?”

“ನಮ್ ಡ್ರಿಲ್ ಮೇಷ್ಟ್ರು.”

ಅಧಿಕಾರಿಗಳು ಅವನ ಕಂಬಳಿ ಮಂಡಿ ನೋಡಿದರು. “ಸರಿ, ಗಸ್ತಿಗೆ ಲಾಯಕ್ಕಾದ ಆಸಾಮಿ” ಎಂದು ಗುರುತು ಹಾಕಿದರು. ಎದೆಯ ಅಳತೆ, ಎತ್ತರ ಎಲ್ಲ ಆ ದಿನವೇ ಮುಗಿಯಿತು. ಶಿವರಾತ್ರಿಯ ಹೊತ್ತಿಗೆ ಲಕ್ಕಮ್ಮನನ್ನು ಅವಳ ಅಪ್ಪನೇ ಗಾಡಿ ಕಟ್ಟಿಸಿಕೊಂಡು ಬಂದು ಬಿಟ್ಟುಹೋದರು ಎಂದು ಕೇಳಿದೆ. ಇದು ಕೇಳಿದ್ದು, ಕಂಡದ್ದಲ್ಲ.

ಯುದ್ಧ ಮುಗಿದು ದಾಸ್ತಾನು ಬೇರೆ ಕಡೆಗೆ ಹೋದ ಮೇಲೆ ಗರಡಿಯ ಕಟ್ಟಡ ಚನ್ನಪ್ಪನವರಿಗೆ ಹಿಂದಕ್ಕೆ ಬಂತು. ಮತ್ತೆ ಮೊದಲ ಸಾಮು ನಡೆದದ್ದು ಚಳಿಗಾಲದಲ್ಲೇ. ನನ್ನನ್ನೂ ಕರೆದಿದ್ದರು. ಕೆಂಪಣ್ಣ ರಜೆ ಹಾಕಿ ಬಂದಿದ್ದ. ಲಕ್ಕಮ್ಮ ಗರಡಿಯ ಒಳಗೆ ಬರುವಂತಿರಲಿಲ್ಲವಾದ್ದರಿಂದ ಎದುರು ಜಗಲಿಯಲ್ಲಿ ಕೂತಿದ್ದಳು. ನಾನು ಮಾತಾಡಿಸಿದಾಗ, “ಮನೇಲೂ ಇಂಗೇಯ ಮೇಷ್ಟ್ರೇ. ಬೆಳಿಗ್ಗೆ ಎದ್ದೇಟ್ಗೆ ಒಲೆ ಸುತ್ತ ಸುತ್ತತಾರೆ. ಮುದ್ದೆ ತಿರುವಕ್ಕೆ ಜಾಗ ಬುಡಕಿಲ್ಲ” ಎಂದಳು. ದೂರಿನ ಮುಖವೇನೂ ಇರಲಿಲ್ಲ.

ಒಳಗೆ ಊದುಬತ್ತಿಯ ವಾಸನೆ, ಮೂಲೆಗಳಲ್ಲಿ ಇನ್ನೂ ಉದುರಿದ ರಾಗಿ. ಪೈಲ್ವಾನರು ಬಾಗಿಲಿಗೆ ನಮಸ್ಕರಿಸಿ ಬಂದು, ಗುದ್ದಲಿ ಹಿಡಿದು ಅಖಾಡವನ್ನೆಲ್ಲ ಅಗೆದು ಮಟ್ಟ ಮಾಡಿದರು. ಬಸ್ಕಿಗೆ ಸಾಲಾಗಿ ನಿಂತರು. ಚನ್ನಪ್ಪನವರು ಕೈ ಎತ್ತಿ ತಡೆದರು.

“ಮೊದ್ಲು ಒಸಿ ಸುತ್ತ ನಡೀರಿ.”

ನಾನು ಅವರ ಕಡೆ ನೋಡಿದೆ. “ಬಾಗಿಲು ಹಾಕಿದೆ, ಮಣ್ಣು ಅಗೆದಾಗಿದೆ. ಇನ್ನು ನಡಿಗೆ ಬೇಕಿಲ್ಲ ಉಸ್ತಾದ್” ಎಂದೆ.

ಅವರು ಗೋಡೆಗೆ ಕೈಯಿಟ್ಟು ನಿಂತರು. “ಗೋಡೆ ನಂಬಂಗಿಲ್ಲ ಮೇಷ್ಟ್ರೇ” ಎಂದರು. “ನಾಳೆ ಇನ್ಯಾರ್ ಬಂದು ಯಾತಕ್ ತಗೊಂಡೋಯ್ತಾರೋ. ಬಿಸಿ ಅವರವರ ಮೈಯಾಗೇ ಇರ್ಲಿ.”

ಅವರೆಲ್ಲ ನಡೆಯತೊಡಗಿದರು. ರಜೆಯಲ್ಲಿದ್ದ ಪೇದೆ ಕೆಂಪಣ್ಣ ಎಲ್ಲರಿಗಿಂತ ಮುಂದೆ ಇದ್ದ.